ಅಳತೆಗೆ ಕೊಟ್ಟ ಲಿವರು

ಬೇಸಿಗೆ ರಜೆ ಮುಗಿಯುತ್ತ ಬಂದರೂ ತಮ್ಮಯ್ಯ ಮೇಷ್ಟ್ರ ಯೆಜ್ಡಿ ಬೈಕು ಅರಸೀಕೆರೆಯ ಮನೆಯ ಜಗಲಿ ಬಿಟ್ಟು ಕದಲಿರಲಿಲ್ಲ. ಸ್ಟಾರ್ಟ್ ಮಾಡುವ ಲಿವರಿನ ಒಳಹಲ್ಲು ಸವೆದು, ತುಳಿದರೆ ಸುಮ್ಮನೆ ಜಾರುತ್ತಿತ್ತು. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿ ವರ್ಷವಾಗಿತ್ತು; ಹೊಸ ಲಿವರು ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಚಿಕ್ಕಂದಿನಲ್ಲಿ ಪೋಲಿಯೋ ಆದ ಮೇಷ್ಟ್ರ ಬಲಗಾಲಿಗೆ ಬ್ರೇಕು ಅದುಮುವಷ್ಟೇ ತ್ರಾಣ. ಅಂಗಡಿಯವರು ತೋರಿಸಿದ ಬೈಕುಗಳಿಗೆಲ್ಲ ಕಿಕ್ಕರು ಬಲಕ್ಕೇ. ಜಾವಾಕ್ಕೂ, ಅದೇ ಕಾರ್ಖಾನೆಯಲ್ಲಿ ಆಮೇಲೆ ಹುಟ್ಟಿದ ಯೆಜ್ಡಿಗೂ ಅದು ಎಡಕ್ಕೆ. ಎರಡು ಕೆಲಸಕ್ಕೂ ಒಂದೇ ಲಿವರು: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು. ಕಣಕಟ್ಟೆಯಲ್ಲಿ ಬಸ್ಸಿಳಿದರೂ ಶಾಲೆಗೆ ಇನ್ನೆರಡು ಮೈಲಿ. ಗಾಡಿಯಿಲ್ಲದಿದ್ದರೆ ಆ ಶಾಲೆ ಬಿಡಬೇಕು. ಊಟಕ್ಕೆ ಕೂತಾಗಲೂ ಮೇಷ್ಟ್ರ ಕಣ್ಣು ಜಗಲಿಯ ಗಾಡಿಯ ಮೇಲೇ ಇರುವುದನ್ನು ಹೆಂಡತಿ ಲತಾಮಣಿ ನೋಡುತ್ತಿದ್ದಳು.

ಹಗರೆಯ ಗಿಡ್ಡಪ್ಪನ ಹತ್ತಿರ ಹಳೇ ಜಾವಾ ಇದೆ, ಅದರ ಲಿವರು ಯೆಜ್ಡಿಗೂ ಕೂರುತ್ತದೆ ಎಂದು ಮೈದುನ ಧರ್ಮೇಶ್ ಸುದ್ದಿ ತಂದ. ಮೂವರೂ ಹೋದರು. ಕೊಟ್ಟಿಗೆಯಲ್ಲಿ ಗೋಣಿ ಹೊದ್ದಿದ್ದ ಗಾಡಿಯ ಬಲಮಗ್ಗುಲಿಗೆ ಹೋಗಿ ಧರ್ಮೇಶ್ ತನ್ನ ಬೈಕಿನ ರೂಢಿಯಂತೆ ಕಿಕ್ಕರಿಗಾಗಿ ಕಾಲಲ್ಲಿ ತಡಕಾಡಿದ.

"ಏನ್ಲಾ, ಅಲ್ಲೇನು ಹುಡುಕ್ತಿದ್ದೀಯ, ಹಾವಾ?" ಎಂದ ಗಿಡ್ಡಪ್ಪ. "ಕಿಕ್ಕರ್ ಎಲ್ಲೈತೆ ಅಂತ ಗೊತ್ತಿಲ್ದೋನು ಲಿವರ್ ಕೇಳಕ್ಕೆ ಬಂದವ್ನೆ!"

ಮೇಷ್ಟ್ರು ಕುಂಟುತ್ತ ಎಡಕ್ಕೆ ಬಂದು ಒತ್ತಿ, ತಿರುಗಿಸಿ, ಒಂದೇ ತುಳಿತ. ಕೊಟ್ಟಿಗೆ ತುಂಬ ಹೊಗೆ. ಗಿಡ್ಡಪ್ಪನ ಮುಖ ಅರಳಿತು. ಆದರೂ ತಲೆಯಾಡಿಸಿದ: "ಕಣ್ಣು ಮಂಜಾಗಿ ಓಡ್ಸೋದು ಬಿಟ್ಟಿದ್ದೀನಿ, ನಿಜ. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ ಸದ್ದು ಕೇಳ್ತೀನಿ. ಬದುಕಿರೋ ಗಾಡಿ ಕಾಲು ಮುರಿಯಕ್ಕಾಯ್ತದಾ ಮೇಷ್ಟ್ರೇ?"

ಮೇಷ್ಟ್ರು ಆಗಲೇ ಬಾಗಿಲತ್ತ ತಿರುಗಿದ್ದರು. ಲತಾಮಣಿ ಅಲುಗಲಿಲ್ಲ. ಹೊಸ ರವಿಕೆ ಹೊಲಿಸುವಾಗ ತಾನು ದರ್ಜಿಗೆ ಏನು ಕೊಡುತ್ತೇನೆಂಬುದು ಅವಳಿಗೆ ಹೊಳೆಯಿತು.

"ಪೂರ್ತಿ ಕೊಟ್ಬಿಡೋದು ಬ್ಯಾಡ ಯಜಮಾನ್ರೇ. ಅಳತೆ ರವಿಕೆ ಕೊಡಲ್ವೇ, ಹಂಗೆ ಕೊಡಿ. ನೋಡ್ಕೊಂಡು ಇನ್ನೊಂದು ಮಾಡುಸ್ಕೊಂಡು, ನಿಮ್ಮದು ನಿಮಗೇ."

ಗಿಡ್ಡಪ್ಪನ ಹೆಂಡತಿ ದೇವೀರಮ್ಮ ಕಿಸಕ್ಕನೆ ನಕ್ಕಳು. "ಕೊಡಿ ಅತ್ಲಾಗೆ. ನನ್ನ ರವಿಕೆ ಊರೆಲ್ಲಾ ಸುತ್ತಿ ಬರ್ತದೆ, ಏನಾಗೈತೆ ಅದಕ್ಕೆ?"

"ಬಿಚ್ಚೋದು, ಹಾಕೋದು ಎರಡೂ ನಾನೇ" ಎಂದ ಗಿಡ್ಡಪ್ಪ. ಲಿವರನ್ನು ಟವೆಲಿನಲ್ಲಿ ಸುತ್ತಿಕೊಂಡು ತಾನೂ ಬಸ್ಸು ಹತ್ತಿದ.

ಅರಸೀಕೆರೆ ಸ್ಟೇಷನ್ ಹಿಂದೆ ಕಬ್ಬಿಣ ಕಡೆಯುವ ಲೇತ್ ಇಟ್ಟಿದ್ದ ಗಂಗಯ್ಯ ಅಂಥದ್ದನ್ನು ಹಿಂದೆ ಮಾಡಿದವನಲ್ಲ. ಮೊದಲನೆಯದು ಕೂರಲಿಲ್ಲ, ಎರಡನೆಯದರ ಹಲ್ಲು ಕಚ್ಚಲಿಲ್ಲ. ಗಿಡ್ಡಪ್ಪ ಅಲ್ಲೇ ಕೂತು ಬೈಯುತ್ತಲೇ ಇದ್ದ. ಸಂಜೆ ಹೊತ್ತಿಗೆ ಗಂಗಯ್ಯ ತಾನೇ ಬಂದು ಮೂರನೆಯದನ್ನು ಜಗಲಿಯ ಯೆಜ್ಡಿಗೆ ತೊಡಿಸಿದ. ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಮೇಷ್ಟ್ರ ಎಡಗಾಲು ತುಳಿಯಿತು. ಗಾಡಿ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಬೀದಿಗೆಲ್ಲ ಕೇಳುವಂತೆ ಡುಗುಡುಗು ಎಂದಿತು.

"ಹತ್ತು ಕಣೇ, ಕಣಕಟ್ಟೆವರೆಗೂ ಹೋಗ್ಬರಾಣ" ಎಂದರು ಮೇಷ್ಟ್ರು. ಧರ್ಮೇಶ್ ಗಾಡಿಯನ್ನು ಬೀದಿಗೆ ಇಳಿಸಿಕೊಟ್ಟ. ಲತಾಮಣಿ ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತಳು.

ಗಿಡ್ಡಪ್ಪ ಮಾತ್ರ ತನ್ನ ಲಿವರನ್ನು ಬೆಳಕಿಗೆ ಹಿಡಿದು, ಹಲ್ಲಿನ ಮೇಲೆ ಬೆರಳಾಡಿಸುತ್ತ ನಿಂತಿದ್ದ.

"ಗಂಗಯ್ಯ, ಇದೂ ಸವೀತಾ ಬಂದೈತೆ ಕಣಯ್ಯ. ನಂಗೂ ಒಂದು ಮಾಡ್ತೀಯಾ?"

"ಕಬ್ಬಿಣ ಮಿಕ್ಕೈತೆ. ಬೈಯಲ್ಲ ಅಂದ್ರೆ ಬನ್ನಿ" ಎಂದ ಗಂಗಯ್ಯ.