ಗಿಲ್ಬರ್ಟನ ಪಟವಿದ್ದ ಅಂಗಿ

ಜೈಲಿನಲ್ಲಿ ವಿಚಾರಣೆ ಇದೆಯೆಂದರೆ ಅದರ ಹಿಂದಿನ ಭಾನುವಾರ ಬೋರ್ಬಾ ಮನೆಯಲ್ಲಿ ಹಬ್ಬದ ಅಡುಗೆ. ಕ್ಯಾಲಿಫೋರ್ನಿಯಾದ ಕಣಿವೆಯುದ್ದಕ್ಕೂ ಚದುರಿಹೋದ ನಂಟರೆಲ್ಲ ಸೇರುತ್ತಿದ್ದುದು ಆಗ ಮಾತ್ರ. ಪುದೀನ ಹಾಕಿದ ಮಾಂಸದ ಸಾರನ್ನು ಬ್ರೆಡ್ಡಿನ ಮೇಲೆ ಸುರಿದು, ಮುದುಕಿ ಎರ್ಮೆಲಿಂಡಾ ಮೊದಲ ತಟ್ಟೆಯನ್ನು ಸತ್ತ ಮಗ ಗಿಲ್ಬರ್ಟನ ಖಾಲಿ ಕುರ್ಚಿಯ ಮುಂದೆ ಇಡುತ್ತಿದ್ದಳು. ಊಟ ಮುಗಿದ ಮೇಲೆ ಅವನ ಪಟ ಅಚ್ಚುಹಾಕಿಸಿದ ಬಿಳಿ ಅಂಗಿಗಳನ್ನು ಹಂಚುವಳು. ಪ್ರತಿಯೊಬ್ಬರೂ ಪಟದ ಮೇಲೆ ಕೈಯಿಟ್ಟು, "ನಾವು ಬದುಕಿರೋತನಕ ಅವನು ಹೊರಗೆ ಬರಬಾರದು" ಎಂದು ಆಣೆ ಮಾಡಬೇಕು.

'ಅವನು' ಎಂದರೆ ವೆಂಡೆಲ್. ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತುವಂತಿರಲಿಲ್ಲ. ಇವರದೇ ಡೈರಿಯಲ್ಲಿ ಹಾಲು ಕರೆಯುತ್ತಿದ್ದವನು, ಗಿಲ್ಬರ್ಟನ ಜೀವದ ಗೆಳೆಯ. ಒಂದು ಸಂಜೆ ಕುಡಿದ ಅಮಲಿನಲ್ಲಿ ಜಗಳವಾಡಿ ಆ ಗೆಳೆಯನನ್ನೇ ಗುಂಡಿಕ್ಕಿ ಕೊಂದವನು. ಶಿಕ್ಷೆ ಮುಗಿಯುವ ಮೊದಲೇ ಬಿಡಬಹುದೇ ಎಂದು ನೋಡಲು ಪೆರೋಲ್ ಮಂಡಳಿ ಅವನನ್ನು ಕರೆಸಿದಾಗಲೆಲ್ಲ ಬೋರ್ಬಾ ಮನೆಯವರು ದಂಡುಕಟ್ಟಿಕೊಂಡು ಹೋಗಿ ಬಿಡಬೇಡಿ ಎಂದು ಹೇಳಿ ಬರುತ್ತಿದ್ದರು. ಗಿಲ್ಬರ್ಟನ ತಂಗಿ ಇಡಾಲೀನಾ, ಎಲ್ಲರ ಬಾಯಲ್ಲಿ ಇಡಾ, ಶಾಲೆಗೆ ಹೋಗುವಾಗ ಕಲಿತ ಆಣೆ ಅದು. ಈಗ ಅವಳ ತಲೆಯೂ ನರೆತಿತ್ತು.

ಈ ಸಲ ಅವಳ ಮಗಳು ನೇಲ್ಯಾ ಅಂಗಿಯನ್ನು ಮುಟ್ಟಲಿಲ್ಲ. ಅವಳು ವೃದ್ಧರ ಆಸ್ಪತ್ರೆಯಲ್ಲಿ ನರ್ಸು.

"ಅಜ್ಜಿ, ಅವನಿಗೀಗ ಅಂಗಿ ಗುಂಡಿ ಹಾಕೋಕೂ ಇನ್ನೊಬ್ಬರು ಬೇಕಂತೆ. ಗಾಲಿಕುರ್ಚೀಲಿ ಕೂತಿರೋನು ಯಾರನ್ನ ಕೊಲ್ತಾನೆ ಹೇಳು?"

"ನನ್ನ ಮಗನಿಗೂ ಪೆರೋಲ್ ಕೊಡಿಸ್ತೀಯೇನೇ? ಗೋರಿಯಿಂದ ಒಂದು ಗಳಿಗೆ ಎದ್ದು ಬರ್ತಾನಾ?"

"ಬರಲ್ಲ ಅಜ್ಜಿ. ಇವನನ್ನ ಅಲ್ಲೇ ಕೊಳೆ ಹಾಕಿದ್ರೂ ಮಾಮ ಬರಲ್ಲ."

"ನಾಲ್ಕಕ್ಷರ ಕಲಿತ ಬಾಯಿ ನೋಡು! ಹೆತ್ತು, ಬೆಳೆಸಿ, ಮಣ್ಣು ಮಾಡಿ ಆಮೇಲೆ ಬಾ, ಮಾತಾಡೋಣ."

"ಸುಮ್ನಿರೇ, ಅಜ್ಜಿಗೆ ಏನಾದ್ರೂ ಆದೀತು" ಎಂದು ಇಡಾ ಮಗಳನ್ನೇ ಗದರಿದಳು. ಇಂಥ ಪದ್ಧತಿಗಳು ಮನೆಗಳಲ್ಲಿ ಉಳಿದುಕೊಂಡು ಬರುವುದು ಕೆಟ್ಟವರಿಂದಲ್ಲ. ಮನಸ್ಸಿನಲ್ಲಿ ಒಪ್ಪದಿದ್ದರೂ ಮೇಲೆ ಮಕ್ಕಳನ್ನು ಗದರುವ ಒಳ್ಳೆಯವರಿಂದ.

ವಿಚಾರಣೆಯ ದಿನ ಜೈಲಿನ ಕೋಣೆಯಲ್ಲಿ ಮಂಡಳಿಯ ಅಧಿಕಾರಿ ವೆಂಡೆಲ್‌ನನ್ನು ಕೇಳಿದರು: "ಗಿಲ್ಬರ್ಟ್ ಬೋರ್ಬಾಗೆ ನೀವೇನು ಮಾಡಿದ್ರಿ, ನಿಮ್ಮ ಬಾಯಲ್ಲೇ ಹೇಳಿ."

ಆ ಹೆಸರು ಕೇಳಿ ವೆಂಡೆಲ್ ತಲೆಯೆತ್ತಿದ. ಇಡಾಳ ಅಂಗಿಯ ಮೇಲಿನ ಪಟ ಕಂಡದ್ದೇ ಅವನ ಸುಕ್ಕುಮುಖ ಅರಳಿತು.

"ಗಿಲ್ಬರ್ಟ್! ನೀನು ಇಡಾ ಅಲ್ವೇನೇ ಪುಟ್ಟಿ? ನಿಮ್ಮಣ್ಣನ್ನ ಬೇಗ ಕಳಿಸೇ. ಆ ಕರಿ ಹಸು ನನ್ನನ್ನ ಹತ್ರ ಸೇರಿಸಲ್ಲ. ಅವನು ಹಾಡಿದ್ರೇನೇ ಅದು ಹಾಲು ಬಿಡೋದು."

ಇಡಾ ತಲೆಬಗ್ಗಿಸಿ ಅಂಗಿಯ ಮೇಲಿನ ಪಟ ನೋಡಿಕೊಂಡಳು. ಹೌದು, ಅಣ್ಣ ಹಾಡುತ್ತಿದ್ದ! ಇಷ್ಟು ವರ್ಷ ಮನೆಯಲ್ಲಿ ಗುಂಡಿನ ಮಾತಾಡಿದ್ದರು, ರಕ್ತದ ಮಾತಾಡಿದ್ದರು. ಅವನ ಹಾಡಿನ ಮಾತನ್ನು ಒಬ್ಬರೂ ಆಡಿರಲಿಲ್ಲ.

"ಮಾಡಿದ ಅಪರಾಧದ ಅರಿವು ಕಾಣುತ್ತಿಲ್ಲ" ಎಂದು ಅಧಿಕಾರಿ ಪಕ್ಕದವರಿಗೆ ಹೇಳಿ, ಇಡಾಳತ್ತ ತಿರುಗಿದರು.

ಅವಳು ಎದ್ದು ನಿಂತಳು. ಬಿಟ್ಟುಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆನ್ನ ಹಿಂದೆ ತಾಯಿಯ ಊರುಗೋಲು ಟಕ್ಕೆಂದಿತು. "ನಾವು ಬದುಕಿರೋತನಕ..." ಬಾಯಿಪಾಠವಾದ ಮಾತು ತಾನಾಗಿ ಹೊರಬಿತ್ತು. ಯಾರದೋ ವಿಷಯವಿರಬೇಕು ಎಂಬಂತೆ ವೆಂಡೆಲ್ ತಲೆದೂಗುತ್ತ ಕೇಳಿದ.

ಪೆರೋಲ್ ಸಿಗಲಿಲ್ಲ. ಚಳಿಗಾಲದಲ್ಲಿ ಅವನು ಜೈಲಿನಲ್ಲೇ ತೀರಿಕೊಂಡ.

ಸುದ್ದಿ ಹೇಳಲು ಇಡಾ ಅಡುಗೆಮನೆಗೆ ಬಂದಾಗ ಮುದುಕಿ ಒಗೆದ ಬಿಳಿ ಅಂಗಿಗಳನ್ನು ಮಡಿಸುತ್ತಿದ್ದಳು. ಕೇಳಿ, ಕೈಯಲ್ಲಿದ್ದ ಅಂಗಿಯನ್ನು ಮಡಿಲಿಗೆ ಇಳಿಸಿದಳು. ಗೆದ್ದವಳ ಮುಖವಾಗಿರಲಿಲ್ಲ ಅದು.

"ಹಾಗಾದ್ರೆ ಇನ್ನು ನಾವೆಲ್ಲ ಯಾವಾಗ ಸೇರೋದೇ?"

ಇಡಾಳಿಗೆ ದುಃಖ ಉಕ್ಕಿ ಬಂತು. ತಾಯಿಯ ಮಡಿಲಿನಿಂದ ಅಂಗಿಗಳನ್ನು ತೆಗೆದು ಬದಿಗಿಟ್ಟಳು. "ಇನ್ನು ಇವು ಬೇಡಮ್ಮ. ಯಾರ ಕೈಲೂ ಆಣೆ ಮಾಡಿಸೋದು ಬೇಡ. ಅಣ್ಣನ ಹಾಡು ಹೇಳೋಕೆ ಸೇರೋಣ. ಕೊಟ್ಟಿಗೇಲಿ ಏನು ಹಾಡ್ತಿದ್ದ ಅವನು?"

ಮುದುಕಿ ಬಾಯಿ ತೆರೆದಳು. ತುಟಿ ಅಲುಗಿತು, ಹಾಡು ಬರಲಿಲ್ಲ.

"ನಂಗೆಲ್ಲಿ ಗೊತ್ತೇ" ಎಂದಳು ಕೊನೆಗೆ. "ಅಲ್ಲಿ ಅವನ ಜೊತೆಗಿದ್ದೋನು ವೆಂಡೆಲ್."