ಚಿರತೆ ಪರಚಿದ ಗುರುತು

"ಈ ಮನೇಲಿ ಯಾರ್ಗಾದ್ರೂ ಮುಂಚೆ ಸೀತಾಳೆ ಸಿಡುಬು ಆಗಿತ್ತಾ?" ನರ್ಸ್ ಶಿವಲಕ್ಷ್ಮಿ ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಆರು ವರ್ಷದ ಸಿರಿ ಮೈತುಂಬ ಗುಳ್ಳೆ ಎದ್ದು ಚಾಪೆಯ ಮೇಲೆ ಹೊರಳಾಡುತ್ತಿದ್ದಳು.

"ನಂಗಾಗಿಲ್ಲ," ಎಂದಳು ಲತಾಮಣಿ. ಅವಳಿಗೆ ಏಳು ತಿಂಗಳು.

"ಹಂಗಾದ್ರೆ ನೀನು ಮಗು ಹತ್ರ ಸುಳೀಬ್ಯಾಡ ಕಣಮ್ಮ, ಬಸುರಿಗೆ ಒಳ್ಳೇದಲ್ಲ. ಇವತ್ತೇ ಹೋಗಿ ಡಾಕ್ಟ್ರಿಗೆ ತೋರ್ಸ್ಕೊ. ಒಂದ್ಸಲ ಬಂದು ವಾಸಿಯಾದೋರು ನೋಡ್ಕಳ್ಲಿ."

"ಇವ್ರಿಗೂ ಆಗಿಲ್ಲ ಸಿಸ್ಟರ್," ಲತಾಮಣಿ ಒಳಗೆ ನಿಂತಿದ್ದ ಗಂಡನತ್ತ ಕೈ ತೋರಿದಳು. "ಚಿರತೆ ಜೊತೆ ಹೊಡೆದಾಡಿದ ಮೈ, ಕಾಯ್ಲೆ ಹತ್ರಕ್ಕೇ ಬಂದಿಲ್ಲ. ಮಾಗಡಿಯಿಂದ ನಮ್ಮವ್ವನ್ನೇ ಕರ್ಸಬೇಕು."

ಬಿಡದಿಯ ಕಾರ್ಖಾನೆಯಲ್ಲಿ ಅವಳ ಗಂಡನ ಹೆಸರೇ ಚಿರತೆ ಮನೋಹರ. ಎಡಹುಬ್ಬಿನ ಮೇಲಿನ ಮೂರು ಗುಳಿಗಳ ಕಥೆಯನ್ನು ಅವನು ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದ: ಹತ್ತನೇ ವಯಸ್ಸಿನಲ್ಲಿ ಕುರಿ ಮೇಯಿಸುವಾಗ ಬಂಡೆಯಿಂದ ಹಾರಿದ ಚಿರತೆ, ಇವನ ಕೈಯಲ್ಲಿ ಬರೀ ಕೋಲು. ಮದುವೆಯಾದ ಎಂಟು ವರ್ಷಗಳಲ್ಲಿ ಆ ಚಿರತೆ ಎರಡು ಮೊಳ ಬೆಳೆದಿತ್ತು.

"ಅಪ್ಪಾ, ಕಡೀತೈತೆ!" ಸಿರಿ ಅತ್ತಳು.

ಮನೋಹರ ಕೆಮ್ಮಿದ. "ಸಿಸ್ಟರ್, ಇಪ್ಪತ್ತೈದು ವರ್ಷದ ಹಿಂದೆ ಬಂದಿದ್ರೆ, ಅದ್ರ ಶಕ್ತಿ ಇನ್ನೂ ಇರ್ತದಾ?"

"ಇದು ಸಾಮಾನ್ಯವಾಗಿ ಒಂದ್ಸಲ ಬಂದ್ರೆ ಮುಗೀತು. ರಕ್ತ ಸಾಯೋವರ್ಗೂ ನೆನಪಿಟ್ಕತದೆ. ಯಾರ್ಗೆ ಬಂದಿತ್ತು?"

"ನಂಗೇ."

"ಗುರುತೈತಾ?"

ಮನೋಹರ ಹುಬ್ಬಿನ ಮೇಲೆ ಬೆರಳಿಟ್ಟ. ಶಿವಲಕ್ಷ್ಮಿ ಬಗ್ಗಿ ನೋಡಿದಳು. "ಸೀತಾಳೇದೇ. ಕೆರೆದೂ ಕೆರೆದೂ ಗುಳಿ ಮಾಡ್ಕಂಡಿದ್ದೀರ."

ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪಕ್ಕದ ಮನೆಯ ಬದ್ರುನ್ನೀಸಾ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

"ರಕ್ತಕ್ಕೆ ನೆನಪೈತೆ, ಬಾಯಿಗೆ ಮರ್ತೋಗೈತೆ," ಎಂದಳು ಲತಾಮಣಿ. "ನಮ್ಮಪ್ಪ ಈ ಚಿರತೆ ಕಥೇನ ಊರೆಲ್ಲ ಹೇಳ್ಕಂಡು ಬಂದವ್ರೆ ಕಣ್ರೀ!"

"ನೀನು ಒಪ್ಕಳ್ಲಿ ಅಂತ ಹೇಳ್ಬುಟ್ಟೆ..."

ಲತಾಮಣಿ ಎರಡು ಸೀರೆ ಗಂಟು ಕಟ್ಟಿಕೊಂಡು ಬದ್ರುನ್ನೀಸಾಳ ಮನೆ ಸೇರಿದಳು. ಮನೋಹರ ರಜೆ ಹಾಕಿ ಮಗಳ ಪಕ್ಕ ಕೂತ. ಅವಳು ಕೆರೆದುಕೊಳ್ಳದಂತೆ ಒಂದು ಕೈಯಲ್ಲಿ ಅವಳ ಎರಡೂ ಕೈ ಹಿಡಿದು, ಇನ್ನೊಂದರಲ್ಲಿ ಬೇವಿನ ಸೊಪ್ಪಿನಿಂದ ಮೈ ಸವರಿದ. ಎರಡು ದಿನ ಲತಾಮಣಿಯಿಂದ ಹೊಸ್ತಿಲಿಗೆ ಬಂದದ್ದು ಸಿರಿಗೆ ಮಾತ್ರ ಸಾಲುವಷ್ಟು ಗಂಜಿ. ಅವನು ಬನ್ನು ತಿಂದು ನೀರು ಕುಡಿದ.

ಮೂರನೆಯ ದಿನ ಮಧ್ಯಾಹ್ನ ಜ್ವರ ಇಳಿದು ಸಿರಿ ಒಮ್ಮೆ ಜೋರಾಗಿ ನಕ್ಕಳು. ಆ ನಗು ಪಕ್ಕದ ಮನೆಯವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮನೋಹರ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ದೊಡ್ಡ ತಟ್ಟೆಯೊಂದಿತ್ತು. ಅದರ ತುಂಬ ಮೊಸರನ್ನ. ಅಂಚಿನಲ್ಲಿ, ಮಗುವಿಗೆ ಕೊಡಬಾರದ ಮಾವಿನ ಉಪ್ಪಿನಕಾಯಿಯ ಎರಡು ಹೋಳು.