ಪೂಜೆಯಾದ ಡ್ರೋನ್

ಆಯುಧಪೂಜೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಡ್ರೋನ್ ಬಿತ್ತು. ಹಾರಿಸಿದವನು ಧರ್ಮೇಂದ್ರ. ನೋಡಿದವರು ನಲವತ್ತು ಜನ. ಮೂರನೆಯ ದಿನ ಅದೇ ಧರ್ಮೇಂದ್ರ ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು, "ಆರ್ಸಿದ್ದು ನೀನೇ ಅಂತ ಬರ್ಕೊಡ್ಲಾ" ಅಂದ.

ಧರ್ಮೇಂದ್ರ ನಮ್ಮೂರ ಚೆಲುವಯ್ಯನವರ ಮಗ. ಚುಂಚನಕಟ್ಟೆಯಿಂದ ಬರುವ ನಾಲೆಯ ಕೆಳಗೆ ಅವರಿಗೆ ಹನ್ನೆರಡು ಎಕರೆ ಗದ್ದೆ. ಆ ಗದ್ದೆಗೆ ಇಪ್ಪತ್ತು ವರ್ಷದಿಂದ ನೀರು ಕಟ್ಟುತ್ತಿರುವವನು ನನ್ನ ಅಪ್ಪ ಮರಿಯಯ್ಯ. ಧರ್ಮೇಂದ್ರ ಪಿಯುಸಿ ಮುಗಿಸಿ, ಮೈಸೂರಿನಲ್ಲಿ ಒಂದು ವಾರ ತರಬೇತಿ ಪಡೆದು, ಡ್ರೋನ್ ಪೈಲಟ್ ಸರ್ಟಿಫಿಕೇಟ್ ತಂದು, ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾನೆ. ಬೆಳೆಗೆ ಔಷಧಿ ಹೊಡೆಯುವ ಡ್ರೋನನ್ನು ಒಂದು ಕಂಪನಿಯವರು ಅವನ ವಶಕ್ಕೆ ಕೊಟ್ಟಿದ್ದರು. ಬ್ಯಾಟರಿ ಹೊರಲು, ಔಷಧಿ ಕಲಸಲು, ಟ್ಯಾಂಕು ತೊಳೆಯಲು ಒಬ್ಬ ಬೇಕಿತ್ತು. ಆ ಒಬ್ಬ ನಾನು, ಶಂಕರ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಗಣಿತದ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು, ನಮ್ಮ ಬೀದಿಯ ಹೆಸರೆತ್ತಿ ಒಂದು ಮಾತಂದರು. ಇಡೀ ಕ್ಲಾಸು ನಕ್ಕಿತು. ಸೀಮೆಸುಣ್ಣವನ್ನು ಅವರ ಮೇಜಿನ ಮೇಲೆ ಎಸೆದು ಹೊರಟು ಬಂದೆ, ಮತ್ತೆ ಹೋಗಲಿಲ್ಲ. ಆಮೇಲೆ ಕೆ.ಆರ್. ನಗರದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷ ತಂತಿ ಸುತ್ತಿದೆ. ಮೋಟಾರು ಬಿಸಿಯೇರಿದಾಗ ಬರುವ ಸದ್ದು ಯಾವುದು, ಹೊರೆ ಹೆಚ್ಚಾದಾಗ ಬರುವ ಸದ್ದು ಯಾವುದು ಅಂತ ನನ್ನ ಕಿವಿಗೆ ಗೊತ್ತು. ಸರ್ಟಿಫಿಕೇಟು ಇದ್ದವನಿಗೆ ಗೊತ್ತಿರಲಿಲ್ಲ.

ಮೊದಲ ತಿಂಗಳಲ್ಲೇ ಪಿರಿಯಾಪಟ್ಟಣದ ಒಂದು ಶುಂಠಿ ಹೊಲದಲ್ಲಿ ಅವನು ಡ್ರೋನನ್ನು ಕರೆಂಟು ತಂತಿಯ ಹತ್ತಿರಕ್ಕೆ ಬಿಟ್ಟು ಯಾವ ಗುಂಡಿ ಒತ್ತಬೇಕೋ ತಿಳಿಯದೆ ನಿಂತ. ನಾನು ರಿಮೋಟ್ ಕಿತ್ತುಕೊಂಡು ಇಳಿಸಿದೆ. ಬೈಯುತ್ತಾನೆ ಅಂದುಕೊಂಡೆ. ಅವನು ಪಿಕಪ್ ಒಳಗೆ ಹೋಗಿ ಕೂತು, "ಇನ್ಮ್ಯಾಕೆ ನೀನೇ ಆರ್ಸ್ಲಾ, ಬಿಸ್ಲು ಜಾಸ್ತಿ" ಅಂದ. ಅವತ್ತಿನಿಂದ ಹುಣಸೂರಿನ ಜೋಳದ ಮೇಲೆ, ಪಿರಿಯಾಪಟ್ಟಣದ ಶುಂಠಿಯ ಮೇಲೆ, ಎಚ್.ಡಿ. ಕೋಟೆ ತಾಲ್ಲೂಕಿನ ಹತ್ತಿಯ ಮೇಲೆ ಹಾರಿಸಿದವನು ನಾನು. ಆ್ಯಪಿನಲ್ಲಿ ಪೈಲಟ್ ಅಂತ ಬರುತ್ತಿದ್ದ ಹೆಸರು ಅವನದು. ಅಂತರಸಂತೆಯ ಆಚೆ ಕಾಡಂಚಿನ ಹೊಲ ಒಂದಿತ್ತು. ಅಲ್ಲಿ ಅನುಮತಿ ಇಲ್ಲದೆ ಹಾರಿಸಬಾರದು ಅಂದೆ. "ಆನೆ ಬಂದು ಕಂಪ್ಲೇಂಟ್ ಕೊಡ್ತದೇನ್ಲಾ?" ಅಂತ ನಕ್ಕ. ಹಾರಿಸಿದೆ. ಎರಡು ಹಂಗಾಮಿಗೆ ಒಟ್ಟು ಮುನ್ನೂರ ನಲವತ್ತು ಎಕರೆ.

ನಮ್ಮೂರಿನಲ್ಲಿ ಮಾತ್ರ ರಿಮೋಟ್ ಅವನ ಕೈಗೆ ಹೋಗುತ್ತಿತ್ತು. ನಾನು ಮೊದಲೇ ಗದ್ದೆಯ ನಕ್ಷೆ ಹಾಕಿ ಕೊಟ್ಟಿರುತ್ತಿದ್ದೆ. ಅವನು ಗುಂಡಿ ಒತ್ತುತ್ತಿದ್ದ, ಅದು ತಾನಾಗಿ ಹೋಗಿ ಬರುತ್ತಿತ್ತು. ಊರಿನವರು ಬದುವಿನ ಮೇಲೆ ಸಾಲಾಗಿ ನಿಂತು ಅವನನ್ನು ನೋಡುತ್ತಿದ್ದರು. ಹಾರಿಸುವವನು ನಾನು ಅಂತ ಊರಲ್ಲಿ ಯಾರಿಗಾದರೂ ಹೇಳಿದರೆ ಕೆಲಸ ಇಲ್ಲ ಅಂದಿದ್ದ. ಮನೆಯಲ್ಲೂ ಹೇಳಲಿಲ್ಲ.

ಪೈಲಟ್ ಸರ್ಟಿಫಿಕೇಟಿಗೆ ಹದಿನೆಂಟು ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು ಅಂತ ಗೊತ್ತಾದ ದಿನ ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ಸೀಮೆಸುಣ್ಣ ಎಸೆದದ್ದಕ್ಕೆ ಐದು ವರ್ಷ ಹೋಗಿತ್ತು. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದೆ. ಪಿಯುಸಿ ಓದುವ ತಂಗಿ ಸುಕನ್ಯ ಪಾಠ ಹೇಳಿಕೊಟ್ಟಳು, ತಪ್ಪಿದರೆ ಸ್ಕೇಲಿನಲ್ಲಿ ಹೊಡೆದಳು. ಮೊದಲ ಸಲ ಗಣಿತ ಹೋಯಿತು. ಎರಡನೆಯ ಸಲ ಪಾಸಾದೆ. ಆ ಕಂಪನಿ ಪ್ರತಿ ಡ್ರೋನಿನ ಸಹಾಯಕನಿಗೆ ಒಂದು ತರಬೇತಿ ಸೀಟು ಕೊಡುತ್ತದೆ. ದಸರಾ ಕಳೆದ ಮೇಲೆ ಮೈಸೂರಿನಲ್ಲಿ ತರಗತಿ ಶುರು. ಅರ್ಜಿಗೆ ಪೈಲಟ್ ಒಂದು ಸಹಿ ಹಾಕಬೇಕು. ಮೂರು ವಾರದಿಂದ ನನ್ನ ಅರ್ಜಿ ಧರ್ಮೇಂದ್ರನ ಬೀರುವಿನಲ್ಲಿ ಇತ್ತು. ಕೇಳಿದಾಗಲೆಲ್ಲ, "ಹಬ್ಬ ಕಳೀಲಿ ಬುಡ್ಲಾ, ನೀನೇನ್ ಏರೋಪ್ಲೇನ್ ಬಿಡಾಕೆ ಓಗ್ತಿದ್ದೀಯಾ?" ಅನ್ನುತ್ತಿದ್ದ.

ಹಬ್ಬದ ಹಿಂದಿನ ಸಂಜೆ ಡ್ರೋನನ್ನು ಬ್ರಷ್ ಹಾಕಿ ತೊಳೆದವನು ನಾನು. ಬೆಳಗ್ಗೆ ಅಂಗಳದಲ್ಲಿ ಟ್ರ್ಯಾಕ್ಟರು, ಪಿಕಪ್, ಬೈಕುಗಳ ನಡುವೆ ಮಣೆಯ ಮೇಲೆ ಅದನ್ನು ಕೂರಿಸಿದ್ದರು. ನೆಂಟರು ತುಂಬಿದ್ದರು. ಧರ್ಮೇಂದ್ರನ ಅವ್ವ ಭದ್ರಮ್ಮ ಆರು ತೋಳಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ದಪ್ಪ ಹಾರವನ್ನು ಸುತ್ತ ಇಳಿಬಿಟ್ಟರು. ಆಮೇಲೆ ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಅಲ್ಲೊಂದು ಗುಂಡನೆಯ ಗಾಜಿದೆ. ನೆಲ ಎಷ್ಟು ಕೆಳಗಿದೆ ಅಂತ ಡ್ರೋನು ನೋಡುವುದು ಅದರಿಂದಲೇ.

"ಇದೇನ್ ಮಗ, ಇದ್ರ ಕಣ್ಣಾ? ಕಣ್ಣಿಗೇ ಮೊದ್ಲು ಇಕ್ಬೇಕು, ದೃಷ್ಟಿ ತಾಕ್ಬಾರ್ದು" ಅಂತ ಒದ್ದೆ ಕುಂಕುಮವನ್ನು ಮೂರು ಬೆರಳಲ್ಲಿ ಮೆತ್ತಿದರು.

"ಅಮ್ಮಾರೆ, ಆ ಗಾಜಿಗೆ ಬ್ಯಾಡಿ" ಅಂದೆ. ನಾನು ನಿಂತಿದ್ದದ್ದು ಗೇಟಿನ ಹತ್ತಿರ.

"ನೀನು ಅಲ್ಲೇ ನಿಂತ್ಕೊ. ಪೂಜೆ ಆಯ್ತಾ ಅದೆ, ಮುಟ್ಟಗಿಟ್ಟೀಯಾ!"

ಧರ್ಮೇಂದ್ರ ನೆಂಟರ ಕಡೆ ತಿರುಗಿದ. "ನೋಡಿ ಮಾವ, ನಮ್ಮವ್ವಂಗೇ ಪಾಠ ಏಳ್ತಾವ್ನೆ. ಎಸ್ಸೆಲ್ಸಿ ಪಾಸಾಗ್ಬುಟ್ಟವ್ನೆ ಕಣ್ರೀ!"

ಎಲ್ಲರೂ ನಕ್ಕರು. ನಾನು ಆ ನಗುವನ್ನು ಬೋರ್ಡಿನ ಹತ್ತಿರ ಒಮ್ಮೆ ಕೇಳಿದ್ದೇನೆ.

ಮಂಗಳಾರತಿ ಆಯಿತು. ಬೂದುಗುಂಬಳ ಒಡೆದರು. ಧರ್ಮೇಂದ್ರನ ಮಾವನಿಗೆ ಡ್ರೋನ್ ಹಾರುವುದನ್ನು ನೋಡಬೇಕಿತ್ತು. ಇಬ್ಬರು ಅದನ್ನು ಹಾರದ ಸಮೇತ ಎತ್ತಿ ಮನೆಯ ಹಿಂದಿನ ಕಣಕ್ಕೆ ತಂದಿಟ್ಟರು. ಹಾರಿಸುವ ಮೊದಲು ನೋಡಬೇಕಾದದ್ದು ಹದಿನಾಲ್ಕು ಇವೆ. ಅವು ನನಗೆ ಬಾಯಿಪಾಠ. ಫ್ಯಾನಿನ ಸುತ್ತ ಏನೂ ಇರಬಾರದು ಅನ್ನುವುದು ಎರಡನೆಯದು. ನಾನು ಗೇಟು ದಾಟಿ ಓಡಿ ಬಂದೆ.

"ಧರ್ಮಣ್ಣ, ಆ ಹಾರ ಬಿಚ್ತೀನಿ ತಡಿ. ಫ್ಯಾನಿಗೆ ಸುತ್ಕೊತದೆ. ಗಾಜೂ ವರ್ಸ್ಬೇಕು, ಎರ್ಡೇ ನಿಮ್ಷ."

ಭದ್ರಮ್ಮ ನಡುವೆ ಬಂದು ನಿಂತರು. "ಪೂಜೆ ಆಗಿರೋ ಹಾರನ ಸಂಜೆಗಂಟ ಯಾರೂ ತೆಗೆಯಂಗಿಲ್ಲ. ಅದೂ ನೀನು."

ಅದೂ ನೀನು. ಎರಡು ವರ್ಷದಿಂದ ಅದರ ಟ್ಯಾಂಕಿನ ವಿಷವನ್ನು ಬರಿಗೈಯಲ್ಲಿ ತೊಳೆದದ್ದು ನಾನು. ನಳಿಕೆ ಕಟ್ಟಿಕೊಂಡರೆ ಬಾಯಿಟ್ಟು ಊದಿದ್ದು ನಾನು. ಆಗೆಲ್ಲ ಅದು ಬರೀ ಮೆಷಿನ್ನು. ಮೂರು ಬೆರಳು ಕುಂಕುಮ ಬಿದ್ದ ಕೂಡಲೇ ಅದು ದೇವರಾಯಿತು, ನಾನು ಗೇಟಿನ ಆಚೆಯವನಾದೆ.

"ಅಣ್ಣ, ನೀನಾದ್ರೂ ಬಿಚ್ಚು. ನಿಂಗೊತ್ತಲ್ಲ" ಅಂದೆ ಧರ್ಮೇಂದ್ರನಿಗೆ.

ಅವನಿಗೆ ಗೊತ್ತಿತ್ತು. ಒಂದು ಸಲ ಹಾರದ ಕಡೆ ನೋಡಿದ, ಒಂದು ಸಲ ಮಾವನ ಕಡೆ ನೋಡಿದ. "ಮ್ಯಾಲಕ್ಕೋದ್ರೆ ಗಾಳಿಗೆ ಹಿಂದಕ್ಕೋಯ್ತದೆ ಬುಡ್ಲಾ" ಅಂದು ಗುಂಡಿ ಒತ್ತಿದ.

ಆಳೆತ್ತರದ ತನಕ ನೆಟ್ಟಗೆ ಏರಿತು. ಆಮೇಲೆ ಹಾರದ ಜೋಲು ತುದಿ ಒಂದು ಫ್ಯಾನಿಗೆ ಸಿಕ್ಕಿತು. ಹಳದಿ ಎಸಳು ಮಳೆಯ ಹಾಗೆ ಉದುರಿತು. ಹೆಂಗಸರು "ಓ!" ಅಂತ ಚಪ್ಪಾಳೆ ತಟ್ಟಿದರು. ಮೋಟಾರಿನ ಸದ್ದು ಬದಲಾದದ್ದು ನನಗೊಬ್ಬನಿಗೇ ಕೇಳಿಸಿತು. "ಕೂತ್ಕೊಳ್ರೋ!" ಅಂತ ಕಿರುಚಿದೆ. ಡ್ರೋನು ಒಂದು ಕಡೆಗೆ ವಾಲಿ ಜನರ ತಲೆಯ ಮೇಲೇ ಬಂತು. ಕುಂಕುಮ ಮೆತ್ತಿದ್ದ ಗಾಜಿಗೆ ನೆಲ ಕಾಣಲಿಲ್ಲವೋ ಏನೋ, ಒಮ್ಮೆಲೇ ಕೆಳಕ್ಕೆ ನುಗ್ಗಿ ಹುಲ್ಲಿನ ಮೆದೆಗೆ ಬಡಿದು ಬಿತ್ತು. ಮೆದೆಯ ಬುಡದಲ್ಲಿ ಮೂರು ಮಕ್ಕಳು ಕೂತಿದ್ದವು. ಒಂದು ಮಾರು ಈಚೆಗೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಪೊಲೀಸರು ಬರೆಯುತ್ತಿದ್ದರು.

ಭದ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾರ ಕಣ್ಣು ಬಿತ್ತೋ" ಅಂದರು. ಹಾಗನ್ನುವಾಗ ನೋಡಿದ್ದು ನನ್ನನ್ನು.

ಕಂಪನಿಗೆ ಸುದ್ದಿ ಹೋಯಿತು. ಮೂರನೆಯ ದಿನ ಅಲ್ಲಿಂದ ಎಂಜಿನಿಯರ್ ಸುನೀಲ್‌ಕುಮಾರ್ ಬರುವವರಿದ್ದರು. ಅವರು ಬರುವುದಕ್ಕೆ ಒಂದು ಗಂಟೆ ಮೊದಲು ಧರ್ಮೇಂದ್ರ ನನ್ನನ್ನು ಗೊಬ್ಬರದ ಮೂಟೆಗಳ ಕೋಣೆಗೆ ಕರೆದು, ಆ ಹಾಳೆ ಪೆನ್ನು ಕೊಟ್ಟ.

"ಹಾರ ಹಾಕ್ಕೊಂಡು ಪೈಲಟ್ಟೇ ಆರ್ಸ್ದ ಅಂದ್ರೆ ನನ್ ಸರ್ಟಿಫಿಕೇಟ್ ಓಯ್ತದೆ, ಡ್ರೋನೂ ವಾಪಸ್ ಓಯ್ತದೆ. ನಾನ್ ಇಲ್ದಾಗ ನೀನು ತಗಂಡು ಆರ್ಸ್ದೆ ಅಂತ ಬರಿ. ನಿಂಗೇನಾಗ್ತದೆ? ನಿನ್ತಾವ ಕಿತ್ಕೊಳ್ಳಾಕೆ ಏನದೆ?"

"ನಲವತ್ತು ಜನ ನೋಡವ್ರೆ."

"ಎಲ್ಲಾ ನಮ್ಮೋರೆ. ಎಲ್ರ ಫೋನಿಂದ ವಿಡಿಯೋನೂ ಅಳ್ಸಿವ್ನಿ." ಜೇಬಿನಿಂದ ನನ್ನ ಅರ್ಜಿ ತೆಗೆದು ಮೂಟೆಯ ಮೇಲೆ ಇಟ್ಟ. "ನೀನದನ್ನ ಬರಿ, ನಾನಿದಕ್ಕೆ ಸೈನ್ ಆಕ್ತೀನಿ. ಈ ಸಲ ಆಗ್ದಿದ್ರೆ ಬರೋ ವರ್ಷ ಕಳುಸ್ತೀನಿ. ನಿಮ್ಮಪ್ಪ ನಮ್ಮ ಗದ್ದೇಲವ್ನೆ, ನೆಪ್ಪಿಟ್ಕೊ."

ಅನುಮತಿಯಿಲ್ಲದೆ ಕದ್ದು ಹಾರಿಸಿದೆ ಅಂತ ಬರೆದುಕೊಟ್ಟವನನ್ನು ಯಾವ ಕಂಪನಿ ಪೈಲಟ್ ಮಾಡುತ್ತದೆ? ನನ್ನನ್ನು ಅಷ್ಟು ದಡ್ಡ ಅಂದುಕೊಂಡಿದ್ದನಲ್ಲ, ಅದಕ್ಕೆ ಮೈ ಉರಿಯಿತು. ಹಾಳೆ ತೆಗೆದುಕೊಂಡೆ. "ಬರಿತೀನಿ, ನೀನು ಆಚೆಗೋಗು" ಅಂದೆ.

ಎರಡೂ ಪುಟ ತುಂಬಿಸಿದೆ. ಮೊದಲು ಹಬ್ಬದ ದಿನದ್ದು: ಹಾರ ಕಟ್ಟಿದ್ದು ಯಾರು, ಗಾಜಿಗೆ ಮೆತ್ತಿದ್ದು ಏನು, ಬಿಚ್ಚಬೇಡ ಅಂದದ್ದು ಯಾಕೆ, ಗುಂಡಿ ಒತ್ತಿದ್ದು ಯಾರು. ಆಮೇಲೆ ನನ್ನದು: ಸರ್ಟಿಫಿಕೇಟ್ ಇಲ್ಲದೆ, ಧರ್ಮೇಂದ್ರನ ಹೆಸರಿನಲ್ಲಿ, ಅವನ ಮಾತಿನ ಮೇಲೆ, ಯಾವ ಯಾವ ಊರಲ್ಲಿ ಎಷ್ಟೆಷ್ಟು ಎಕರೆ ಹಾರಿಸಿದೆ ಅನ್ನುವುದು. ಅಂತರಸಂತೆಯ ಕಾಡಂಚಿನದನ್ನೂ, ಸಹಿಯಾಗದ ನನ್ನ ಅರ್ಜಿಯ ಸಂಗತಿಯನ್ನೂ ಬಿಡಲಿಲ್ಲ.

ಸುನೀಲ್‌ಕುಮಾರ್ ಮುರಿದ ತೋಳುಗಳನ್ನು ತಿರುಗಿಸಿ ನೋಡಿದರು. ಮೋಟಾರಿನ ಒಳಗೆ ಸುತ್ತಿಕೊಂಡಿದ್ದ ದಾರವನ್ನು ಚಿಮಟದಲ್ಲಿ ಎಳೆದು ಕವರಿಗೆ ಹಾಕಿಕೊಂಡರು. ನಾನು ಹಾಳೆಯನ್ನು ಅವರ ಕೈಗೇ ಕೊಟ್ಟೆ. ಓದುತ್ತಾ ಓದುತ್ತಾ ಅವರ ಮುಖ ಗಂಟಿಕ್ಕಿತು. ನನ್ನನ್ನು ಜೀಪಿನ ಹಿಂದಕ್ಕೆ ಕರೆದರು.

"ಶಂಕರ್, ನಿಮಗೆ ಎಷ್ಟು ವಯಸ್ಸು?"

"ಇಪ್ಪತ್ತೊಂದು ಸಾರ್."

"ಮೊದಲನೇ ಪುಟ ಸಾಕು ನನಗೆ. ದಾರ ಸಿಕ್ಕಿದೆ, ನೀವು ಬರೆದಿದ್ದಕ್ಕೆ ಹೊಂದುತ್ತೆ. ಎರಡನೇದು ಯಾಕೆ ಬರೆದ್ರಿ? ಇದು ಮೇಲಕ್ಕೆ ಹೋದ್ರೆ ಈ ಬ್ಯಾಚಿಗೆ ನಿಮ್ಮನ್ನ ಸೇರಿಸೋಕಾಗಲ್ಲ. ಮುಂದಿನದಕ್ಕೂ ಆಗುತ್ತೋ ಇಲ್ವೋ. ಮೊದಲನೇ ಪುಟದ್ದನ್ನ ಬೇರೆ ಹಾಳೇಲಿ ಬರೆದುಕೊಡಿ, ಇದನ್ನ ವಾಪಸ್ ಇಟ್ಕೊಳ್ಳಿ. ನಿಮ್ಮ ಅರ್ಜಿಗೆ ಇವರ ಬದಲು ನಾನೇ ಸಹಿ ಮಾಡ್ತೀನಿ."

ಒಳ್ಳೆಯ ಮನುಷ್ಯ. ಕೈ ಚಾಚಿದ್ದರೆ ಸಾಕಿತ್ತು. ಮುಂದಿನ ಸೋಮವಾರ ನಾನು ಮೈಸೂರಿನಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದೆ.

"ಆ ಪುಟ ತೆಗೆದ್ರೆ ಆ ಮುನ್ನೂರ ನಲವತ್ತು ಎಕರೆ ಯಾರ ಹೆಸರಲ್ಲಿ ಇರ್ತದೆ ಸಾರ್?" ಅಂದೆ.

"ಈಗ ಇರೋ ಹಾಗೇ ಇರುತ್ತೆ. ಧರ್ಮೇಂದ್ರ ಅವರದ್ದು."

"ಹಂಗಾದ್ರೆ ಬ್ಯಾಡ ಸಾರ್. ಎರಡೂ ಪುಟ ತಗೊಂಡೋಗಿ."

"ಸಿಟ್ಟಲ್ಲಿ ಮಾತಾಡಬೇಡಿ. ಹತ್ತು ನಿಮಿಷ ಯೋಚನೆ ಮಾಡಿ."

"ಎರಡು ವರ್ಷದಿಂದ ಸಿಟ್ಟಲ್ಲೇ ಇವ್ನಿ ಸಾರ್. ಹತ್ತು ನಿಮ್ಷಕ್ಕೆ ಓಗಲ್ಲ. ಅಷ್ಟೂ ಆರ್ಸಿದ್ದು ನಾನು. ತಪ್ಪು ಅಂತಾದ್ರೂ ಬರ್ಕೊಳ್ಳಿ, ನನ್ನ ಹೆಸರಲ್ಲಿ ಬರ್ಕೊಳ್ಳಿ."

ಅವರು ಜೇಬಿನಿಂದ ಪೆನ್ನು ತೆಗೆದು ನನಗೆ ಕೊಟ್ಟರು. ಎರಡೂ ಪುಟಕ್ಕೆ ನನ್ನ ಸಹಿ ಹಾಕಿಸಿಕೊಂಡು ಫೈಲಿಗೆ ಸೇರಿಸಿದರು. ಜೀಪು ಹೊರಟಿತು.

ಧರ್ಮೇಂದ್ರ ಜೀಪಿನ ಆಚೆ ಬದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನನ್ನ ಅರ್ಜಿಯನ್ನು ನಾಲ್ಕು ಚೂರು ಮಾಡಿ ಎಸೆದ. ಅಷ್ಟರಲ್ಲಿ ನನ್ನ ಅಪ್ಪ ಗುದ್ದಲಿ ಹೊತ್ತು ಗದ್ದೆ ಕಡೆಯಿಂದ ಬಂದ. "ಮರಿಯ, ನಾಳಿಂದ ನೀನೂ ಬರ್ಬ್ಯಾಡ. ನಿನ್ ಮಗ ಉಂಡ ಮನೆಗೆ ಬೆಂಕಿ ಇಕ್ಕವ್ನೆ" ಅಂತ ಧರ್ಮೇಂದ್ರ ಕೂಗಿದ.

ಅಪ್ಪ "ಏನಾಯ್ತು ಬುದ್ಧಿ?" ಅಂದ. ಧರ್ಮೇಂದ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾಲೆ ಏರಿಯ ಮೇಲೆ ಇಬ್ಬರೂ ನಡೆದೆವು. "ಅಂತದ್ದೇನ್ಲಾ ಮಾಡ್ದೆ?" ಅಂದ ಅಪ್ಪ. ಎಲ್ಲವನ್ನೂ ಹೇಳಿದೆ. ಸೀಟು ಹೋದದ್ದನ್ನೂ ಹೇಳಿದೆ. ಬೈಗುಳಕ್ಕೆ ಕಾದೆ.

ಅಪ್ಪ ನಿಂತ. "ಮುನ್ನೂರ ನಲವತ್ತೆಕ್ರೆ. ಯಾರು, ನೀನಾ?"

"ನಾನೇ."

"ನೀನು ನೀರು ತುಂಬ್ಸಾಕೆ ಓಗ್ತೀಯ ಅಂದ್ಕಂಡಿದ್ದೆ." ಅವನ ದನಿ ಮೇಲೇರಿತು. "ಬದಿನ ಮ್ಯಾಲೆ ನಿಂತು ಆ ನನ್ಮಗಂಗೆ ಕೈ ಮುಗ್ದಿವ್ನಿ ಕಣ್ಲಾ, ಎಂಥಾ ಬುದ್ಧಿವಂತ್ರು ಬುದ್ಧಿ ನೀವು ಅಂತ! ನೀನ್ ಪಕ್ಕದಲ್ಲೇ ನಿಂತಿದ್ದೆ. ನಂಗ್ಯಾಕ್ಲಾ ಏಳ್ನಿಲ್ಲ?"

 ಇಷ್ಟು ದಿನ ಯಾರ ಯಾರ ಮೇಲೋ ಉರಿದಿದ್ದೆ, ಅಪ್ಪ ಕೈ ಮುಗಿದದ್ದನ್ನು ಪಕ್ಕದಲ್ಲೇ ನಿಂತು ನೋಡಿದವನು ನಾನೇ.

ಅಪ್ಪ ಗುದ್ದಲಿಯನ್ನು ಹೆಗಲಿಂದ ಇಳಿಸಿ ನೋಡಿದ. ಅದು ಚೆಲುವಯ್ಯನವರ ಮನೆಯದು. ಬಂದ ದಾರಿಗೆ ತಿರುಗಿದ.

"ಬುಡಪ್ಪಾ, ನಾಳೆ ಕೊಡನ" ಅಂದೆ.

"ನಾಳೆ ನಂಗೆ ಬ್ಯಾರೆ ಕಡೆ ಕೆಲ್ಸ ಕೇಳಾಕೋಗ್ಬೇಕು" ಅಂದು ದಾಪುಗಾಲು ಹಾಕಿದ. ನಾನೂ ಹಿಂದೆ ಓಡಿದೆ. ಅವರ ಗೇಟು ಮುಚ್ಚಿತ್ತು. ಅಪ್ಪ ಕರೆಯಲಿಲ್ಲ, ಕಾಯಲಿಲ್ಲ. ಗುದ್ದಲಿಯನ್ನು ಗೇಟಿನ ಮೇಲಿಂದ ಅಂಗಳದ ಕಲ್ಲುಹಾಸಿಗೆ ಎಸೆದ. ಆ ಸದ್ದಿಗೆ ಒಳಗಿನಿಂದ ಭದ್ರಮ್ಮ "ಯಾರದು?" ಅಂದರು.

"ಮರಿಯಯ್ಯ" ಅಂದ ನನ್ನ ಅಪ್ಪ. ಅವರು ಬಾಗಿಲು ತೆರೆಯುವ ತನಕ ಅಲ್ಲೇ ನಿಂತ.